ಜಪಾನಿನ ಜಗಲಿಯ ಮೇಲೆ

ಕೆಲವು ವರ್ಷಗಳ ಹಿಂದೆ, ಹಳೆಯ ಪ್ರವಾಸ ಗ್ರಂಥಗಳನ್ನು ನೋಡುವ ಕೆಲಸಕ್ಕಾಗಿ, ಆರು ತಿಂಗಳು ಕ್ಯೋಟೋ ನಗರದಲ್ಲಿ ಇರುವ ಸಂದರ್ಭ ನನಗೆ ಒದಗಿತು. ಹೋದ ಮೊದಲ ವಾರದಲ್ಲಿಯೇ ಎರಡು ಸಂಗತಿಗಳು ನಡೆದವು. ಒಂದು ಸಂಜೆ ಬಸ್ಸಿನಿಂದ ಇಳಿಯುವಾಗ ಕೈಚೀಲವನ್ನು ಅಲ್ಲಿಯೇ ಮರೆತುಬಿಟ್ಟೆ. ಅದರಲ್ಲಿ ಹಣವಿತ್ತು, ಹಣಕ್ಕಿಂತ ಹೆಚ್ಚಾಗಿ, ಮೂರು ವರ್ಷಗಳಿಂದ ಬರೆದಿಟ್ಟುಕೊಂಡಿದ್ದ ಟಿಪ್ಪಣಿಗಳಿದ್ದವು. ಮರುದಿನ ಬೆಳಿಗ್ಗೆ ಬಸ್ಸಿನ ಕಚೇರಿಗೆ ಹೋದರೆ ಚೀಲವು ಮೈಮೇಲೊಂದು ಚೀಟಿ ಕಟ್ಟಿಸಿಕೊಂಡು ಕಪಾಟಿನಲ್ಲಿ ಕುಳಿತಿತ್ತು. ಒಂದು ಯೆನ್ ಕೂಡ ಕಡಿಮೆಯಾಗಿರಲಿಲ್ಲ. ನನ್ನಿಂದ ರುಜು ಹಾಕಿಸಿಕೊಂಡ ಗುಮಾಸ್ತೆ, ತನ್ನಿಂದಲೇ ನನಗೆ ತೊಂದರೆಯಾಯಿತೆಂಬಂತೆ, ಬಾಗಿ ಕ್ಷಮೆ ಕೇಳಿದ.

ಅದಾದ ಎರಡು ದಿನಕ್ಕೆ ಬಾಡಿಗೆಯ ಕೋಣೆ ಹುಡುಕಿಕೊಂಡು ದಲ್ಲಾಳಿಯೊಬ್ಬರಲ್ಲಿಗೆ ಹೋದೆ. ಅವರು ಕುಳ್ಳಿರಿಸಿ ಚಹಾ ಕೊಟ್ಟರು, ಊರಿನ ನಕ್ಷೆಯನ್ನು ಬಿಡಿಸಿ ಹರಡಿದರು, ನಾನು ಬೆರಳಿಟ್ಟ ಕೋಣೆಯ ಯಜಮಾನರಿಗೆ ದೂರವಾಣಿ ಮಾಡಿದರು. ಮಾತಿನ ನಡುವೆ 'ಗಾಯ್‌ಕೊಕುಜಿನ್' ಎಂಬ ಶಬ್ದವೊಂದು ನನ್ನ ಕಿವಿಗೆ ಬಿತ್ತು. ಹೊರನಾಡಿನವನು ಎಂದು ಅದರ ಅರ್ಥ. ದೂರವಾಣಿಯನ್ನು ಕೆಳಗಿಟ್ಟು, "ದಯವಿಟ್ಟು ಕ್ಷಮಿಸಬೇಕು, ಸ್ವಲ್ಪ ಕಷ್ಟವಂತೆ" ಎಂದರು. ಹೀಗೆ ಐದು ಮನೆಗಳಾದವು. ಐದು ಸಲದ ಇಲ್ಲವೆನ್ನುವಿಕೆಯೂ ಎಷ್ಟು ನಯವಾಗಿತ್ತೆಂದರೆ, ಹೊರಡುವಾಗ ನಾನೇ ಅವರಿಗೆ ಉಪಕಾರಸ್ಮರಣೆ ಹೇಳಿ ಬಂದೆ. ನಮ್ಮ ಊರುಗಳಲ್ಲಿ ಮನೆ ಕೇಳಲು ಹೋದವನನ್ನು "ತಾವು ಯಾವ ಜನ?" ಎಂದು ವಿಚಾರಿಸುವ ಪದ್ಧತಿಯನ್ನು ಬಲ್ಲ ನನಗೆ ಇದರಿಂದ ಅತಿಯಾಗಿ ಆಶ್ಚರ್ಯಪಡುವ ಅಧಿಕಾರವಿರಲಿಲ್ಲ. ಆದರೂ ಚೀಲವನ್ನು ಕಾಪಾಡಿಕೊಟ್ಟ ನಾಡು ಕೋಣೆಯನ್ನು ಕೊಡಲಿಲ್ಲವಲ್ಲ ಎಂಬ ಯೋಚನೆ ಅಂದು ರಾತ್ರಿ ನನ್ನನ್ನು ಬಿಡಲಿಲ್ಲ.

ನಾನು ಓದಲು ಹೋಗಿದ್ದ ಗ್ರಂಥಗಳಾದರೂ ಇದೇ ವಿಷಯವನ್ನು ಹೇಳುವಂಥವು. ಹೊರಗಿನವರು ಜಪಾನಿನಲ್ಲಿ ಏನನ್ನು ಮೆಚ್ಚಿದರು, ಯಾವುದಕ್ಕೆ ಬೇಸತ್ತರು ಎಂಬುದರ ಕುರಿತು ನಾಲ್ಕು ನೂರ ಎಪ್ಪತ್ತು ವರ್ಷಗಳಿಗೂ ಮೀರಿದ ಬರವಣಿಗೆಯ ರಾಶಿಯೇ ಇದೆ. ಅದನ್ನು ಓದುತ್ತ ಹೋದಂತೆ ನನಗೆ ತೋರಿದ್ದು ಇಷ್ಟು: ಮೆಚ್ಚುಗೆಗೆ ಒಂದು ಕಾರಣ, ಬೇಸರಕ್ಕೆ ಇನ್ನೊಂದು ಕಾರಣ ಎಂದಿಲ್ಲ. ಎರಡಕ್ಕೂ ಬೇರು ಒಂದೇ. ಜಪಾನಿನ ಹಳೆಯ ಮನೆಗಳಿಗೆ ಎಂಗಾವಾ ಎಂಬ ಮರದ ಜಗಲಿಯುಂಟು. ನೆರೆಯವರು ಬಂದರೆ ಅದರ ಅಂಚಿನಲ್ಲಿ ಕುಳಿತು, ಕಾಲಿನ ಮೆಟ್ಟನ್ನೂ ಬಿಡದೆ, ಚಹಾ ಕುಡಿದು ಹೋಗಬಹುದು. ಅಲ್ಲಿ ಸಿಕ್ಕುವ ಉಪಚಾರಕ್ಕೆ ಎಣೆಯಿಲ್ಲ. ಆದರೆ ಜಗಲಿ ನಡುಮನೆಯಲ್ಲ.

1549ರ ಆಗಸ್ಟ್ 15ರಂದು ಕಾಗೋಶಿಮಾದಲ್ಲಿ ಇಳಿದ ಫ್ರಾನ್ಸಿಸ್ ಕ್ಸೇವಿಯರನಿಂದ ಈ ಕಥೆಯನ್ನು ಆರಂಭಿಸಬಹುದು. ಅವನನ್ನು ಅಲ್ಲಿಗೆ ಕರೆದೊಯ್ದ ಆಂಜಿರೊ ಎಂಬ ಜಪಾನೀಯ ದೀಕ್ಷೆ ಪಡೆದದ್ದು ನಮ್ಮ ಕರಾವಳಿಗೆ ಅಂಟಿಕೊಂಡಂತಿರುವ ಗೋವೆಯಲ್ಲಿ, 1548ರಲ್ಲಿ. ಮೂರೇ ತಿಂಗಳಲ್ಲಿ ಕ್ಸೇವಿಯರ್ ಗೋವೆಗೆ ಬರೆದ ದೀರ್ಘ ಪತ್ರದಲ್ಲಿ, ಇದುವರೆಗೆ ಕಂಡ ಜನಗಳಲ್ಲೆಲ್ಲ ಇವರೇ ಉತ್ತಮರೆಂದು ಹೊಗಳಿದ್ದಾನೆ. ಇವರಿಗೆ ಮಾನವೇ ದೊಡ್ಡದು, ಬಡತನ ಇವರಲ್ಲಿ ಅವಮಾನವಲ್ಲ ಎಂಬುದು ಅವನ ಮನಸ್ಸನ್ನು ಸೆಳೆದಿತ್ತು. ಆದರೆ ದೇವರೆಂಬ ಅರ್ಥದಲ್ಲಿ ಅವನು ಉಪಯೋಗಿಸುತ್ತಿದ್ದ 'ದೈನಿಚಿ' ಎಂಬ ಮಾತು ಬೌದ್ಧರ ಒಬ್ಬ ಬುದ್ಧನ ಹೆಸರೆಂಬುದು ಬಹುಕಾಲ ಅವನಿಗೆ ತಿಳಿಯಲಿಲ್ಲ. ಕೇಳಿದವರು ತಲೆದೂಗುತ್ತಿದ್ದರು, ಅವನು ಒಪ್ಪಿದರೆಂದು ಭಾವಿಸಿದ. ತಲೆದೂಗುವುದಕ್ಕೂ ಒಪ್ಪುವುದಕ್ಕೂ ಇರುವ ಅಂತರವನ್ನು ಅಂದಿನಿಂದ ಇಂದಿನವರೆಗೆ ಎಷ್ಟು ಜನ ಪರದೇಶೀಯರು ತಡವಾಗಿ ಕಲಿತಿದ್ದಾರೋ!

ಕ್ಸೇವಿಯರನ ಪಂಥದವನೇ ಆದ ಲೂಯಿಸ್ ಫ್ರೋಯಿಸ್ ಎಂಬ ಪೋರ್ಚುಗೀಸ್ ಪಾದ್ರಿ 1563ರಲ್ಲಿ ಬಂದು, 1597ರಲ್ಲಿ ನಾಗಸಾಕಿಯಲ್ಲಿ ಮಡಿಯುವವರೆಗೆ, ತನ್ನ ಬಾಳಿನ ಅರ್ಧವನ್ನು ಜಪಾನಿನಲ್ಲಿಯೇ ಕಳೆದವನು. 1585ರಲ್ಲಿ ಅವನೊಂದು ಪುಟ್ಟ ಪುಸ್ತಕ ಬರೆದ. ಅದರ ಹಸ್ತಪ್ರತಿ ಮ್ಯಾಡ್ರಿಡ್ ನಗರದ ಪುಸ್ತಕಭಂಡಾರವೊಂದರಲ್ಲಿ ಯಾರ ಕಣ್ಣಿಗೂ ಬೀಳದೆ ಇದ್ದು, 1946ರಲ್ಲಿ ಪತ್ತೆಯಾಗಿ, 1955ರಲ್ಲಿ ಅಚ್ಚಾಯಿತು. ಆರು ನೂರಕ್ಕೂ ಹೆಚ್ಚಿನ ಸಣ್ಣ ಸಣ್ಣ ಹೋಲಿಕೆಗಳು. ನಾವು ಹೀಗೆ, ಅವರು ಹಾಗೆ, ಅಷ್ಟೆ. ನಾವು ಟೊಪ್ಪಿಗೆ ತೆಗೆದು ಗೌರವ ತೋರಿಸುತ್ತೇವೆ, ಅವರು ಪಾದರಕ್ಷೆ ಬಿಟ್ಟು. ನಮ್ಮ ಶೋಕಕ್ಕೆ ಕಪ್ಪು, ಅವರ ಶೋಕಕ್ಕೆ ಬಿಳಿ. ನಾವು ಕೈಯಿಂದ ಉಣ್ಣುತ್ತೇವೆ, ಅವರು ಕಡ್ಡಿಗಳಿಂದ. (ಯೂರೋಪಿನವರು ಆಗ ಕೈಯಿಂದಲೇ ಉಣ್ಣುತ್ತಿದ್ದರೆಂಬುದು ನಮ್ಮನ್ನು ಕೈಯೂಟಕ್ಕಾಗಿ ಹಾಸ್ಯ ಮಾಡಿದವರಿಗೆ ತಿಳಿದಿರಲಾರದು.) ನಾವು ಮಕ್ಕಳನ್ನು ಚಾವಟಿಯಿಂದ ಹೊಡೆದು ತಿದ್ದುತ್ತೇವೆ, ಅವರು ಮಾತಿನಿಂದಲೇ ಗದರಿಸುತ್ತಾರೆ. ನಮ್ಮ ಹೆಂಗಸರು ಗಂಡನ ಅಪ್ಪಣೆಯಿಲ್ಲದೆ ಹೊರಗೆ ಕಾಲಿಡುವಂತಿಲ್ಲ, ಅವರ ಹೆಂಗಸರು ಬೇಕಾದಲ್ಲಿಗೆ ಹೋಗಿ ಬರುತ್ತಾರೆ. ಹಸುಗೂಸುಗಳನ್ನು ಕೊಲ್ಲುವ ಕ್ರೂರ ರೂಢಿಯನ್ನೂ ಅವನು ಅದೇ ಶಾಂತಸ್ವರದಲ್ಲಿ ದಾಖಲಿಸಿದ್ದಾನೆ. ನನಗೆ ಬಹಳ ಮುಖ್ಯವೆನಿಸಿದ್ದು ಮಾತಿನ ವಿಷಯವಾದ ಹೋಲಿಕೆ. ಯೂರೋಪಿನಲ್ಲಿ ಸ್ಪಷ್ಟವಾದ ಮಾತಿಗೆ ಬೆಲೆ, ಜಪಾನಿನಲ್ಲಿ ಎರಡರ್ಥ ಹೊರಡುವ ಮಾತಿಗೇ ಮನ್ನಣೆ ಎನ್ನುತ್ತಾನೆ ಅವನು. ನನ್ನ ದಲ್ಲಾಳಿಯ "ಸ್ವಲ್ಪ ಕಷ್ಟವಂತೆ" ಎಂಬ ಮಾತು ನೆನಪಾಗಿ, ಓದುತ್ತಿದ್ದ ಮೇಜಿನ ಮುಂದೆಯೇ ನಾನು ನಕ್ಕುಬಿಟ್ಟೆ.

1600ರಲ್ಲಿ ಡಚ್ಚರ ಹಡಗೊಂದರ ಚುಕ್ಕಾಣಿಗನಾಗಿ ಬಂದು ಸೇರಿದ ಇಂಗ್ಲಿಷಿನವನು ವಿಲಿಯಂ ಆಡಮ್ಸ್. ಟೊಕುಗಾವಾ ಇಯೆಯಾಸು ಅವನ ಜ್ಞಾನವನ್ನು ಮೆಚ್ಚಿ, ಜಹಗೀರು ಕೊಟ್ಟು, ಹತ್ತಿರ ಇಟ್ಟುಕೊಂಡ. ಊರಿಗೆ ಹೋಗಲು ಮಾತ್ರ ಬಿಡಲಿಲ್ಲ. ಹೆಂಡತಿ ಮಕ್ಕಳನ್ನು ನೆನೆದು ಮರುಗಿದ ಆಡಮ್ಸ್, 1613ರಲ್ಲಿ ಅಪ್ಪಣೆ ದೊರೆತಾಗ, ಹೋಗದೆ ಅಲ್ಲಿಯೇ ಉಳಿದ. ಅಷ್ಟರಲ್ಲಿ ಅಲ್ಲಿಯೂ ಹೆಂಡತಿ ಮಕ್ಕಳಿದ್ದರು. 1620ರಲ್ಲಿ ಹಿರಾದೊದಲ್ಲಿ ತೀರಿಕೊಂಡ.

ಮುಂದೆ ಬಾಗಿಲು ಮುಚ್ಚಿತು. 1639ರಲ್ಲಿ ಪೋರ್ಚುಗೀಸರನ್ನು ಹೊರಗಟ್ಟಲಾಯಿತು. ಯೂರೋಪಿನವರಲ್ಲಿ ಡಚ್ಚರಿಗೆ ಮಾತ್ರ ವ್ಯಾಪಾರಕ್ಕೆ ಅವಕಾಶ. ಅವರನ್ನಾದರೂ 1641ರಲ್ಲಿ ನಾಗಸಾಕಿಯ ಬಂದರಿನಲ್ಲಿ ಮಣ್ಣು ತುಂಬಿಸಿ ಕಟ್ಟಿದ ದೆಜಿಮಾ ಎಂಬ ಬೀಸಣಿಗೆಯಾಕಾರದ ನಡುಗಡ್ಡೆಯಲ್ಲಿ ಇರಿಸಲಾಯಿತು. ನಾಲ್ಕು ಎಕರೆಗೂ ಕಡಿಮೆ ಜಾಗ, ಊರಿಗೆ ಒಂದೇ ಸೇತುವೆ, ಸೇತುವೆಗೆ ಕಾವಲು. ಈ ಸೆರೆಮನೆಗೆ ಡಚ್ಚರು ಬಾಡಿಗೆಯನ್ನೂ ತೆರಬೇಕಾಗಿತ್ತು. ಇನ್ನೂರು ವರ್ಷಗಳಿಗೂ ಹೆಚ್ಚು ಕಾಲ ಯೂರೋಪಿನ ಪಾಲಿಗೆ ಇದೇ ಜಪಾನಿನ ಜಗಲಿ.

ಅಲ್ಲಿಗೆ 1690ರಲ್ಲಿ ವೈದ್ಯನಾಗಿ ಬಂದ ಜರ್ಮನ್ ವಿದ್ವಾಂಸ ಎಂಗೆಲ್ಬರ್ಟ್ ಕೆಂಪ್ಫರ್ ಎರಡು ವರ್ಷ ಇದ್ದ. ಡಚ್ಚರ ಮುಖ್ಯಾಧಿಕಾರಿ ವರ್ಷಕ್ಕೊಮ್ಮೆ ಎದೊ ನಗರಕ್ಕೆ, ಅಂದರೆ ಇಂದಿನ ಟೋಕಿಯೋಗೆ, ಹೋಗಿ ಶೋಗುನನಿಗೆ ಕಾಣಿಕೆ ಒಪ್ಪಿಸಬೇಕೆಂದು ನಿಯಮ. 1691ರಲ್ಲಿಯೂ 1692ರಲ್ಲಿಯೂ ಕೆಂಪ್ಫರ್ ಆ ಪರಿವಾರದೊಡನೆ ಹೋದ. ಕಾಣಿಕೆಯ ವಿಧಿ ಮುಗಿದ ಮೇಲೆ ಅವರನ್ನು ಒಳಗಿನ ಸಭೆಗೆ ಕರೆದರು. ಶೋಗುನ ತ್ಸುನಯೋಶಿಯೂ ಅಂತಃಪುರದ ಸ್ತ್ರೀಯರೂ ತೆರೆಯ ಹಿಂದೆ ಕುಳಿತಿದ್ದರು. ಪರದೇಶೀಯರಿಗೆ ಅಪ್ಪಣೆಯಾಯಿತು: ನಿಲುವಂಗಿ ತೆಗೆಯಿರಿ, ನಡೆದು ತೋರಿಸಿ, ಪರಸ್ಪರ ವಂದಿಸಿ, ಜಿಗಿಯಿರಿ, ಕುಡಿದವರಂತೆ ನಟಿಸಿ, ಕುಣಿಯಿರಿ, ಹಾಡಿ. ದೇಶದೇಶಗಳ ಗಿಡಮೂಲಿಕೆಗಳನ್ನು ಬಲ್ಲ ವೈದ್ಯ ತೆರೆಯ ಮುಂದೆ ಜರ್ಮನ್ ಪ್ರೇಮಗೀತೆಯೊಂದನ್ನು ಹಾಡಿದ. ತನ್ನ ಮಾನ ಹೋದದ್ದನ್ನು ಕೆಂಪ್ಫರ್ ಮುಚ್ಚಿಡದೆ ಬರೆದಿದ್ದಾನೆ.

ಇಷ್ಟಾದ ಮೇಲೆ ಅವನು ಜಪಾನನ್ನು ದ್ವೇಷಿಸಿದನೆಂದು ಎಣಿಸಿದರೆ ತಪ್ಪಾಗುತ್ತದೆ. ಆ ದೇಶದ ಶಾಂತಿ, ದಾರಿಗಳ ಶಿಸ್ತು, ಕೈಕೆಲಸದ ಅಚ್ಚುಕಟ್ಟು ಅವನನ್ನು ಬೆರಗುಗೊಳಿಸಿದವು. ಪರದೇಶೀಯರೊಡನೆ ಸ್ನೇಹ ಬೆಳೆಸಬಾರದೆಂದು ದುಭಾಷಿಗಳಿಂದ ಪ್ರಮಾಣ ಮಾಡಿಸಲಾಗುತ್ತಿದ್ದ ಆ ದ್ವೀಪದಲ್ಲಿಯೇ ಒಬ್ಬ ತರುಣ ಸಹಾಯಕ ಅವನಿಂದ ಡಚ್ ಭಾಷೆಯನ್ನು ಚೆನ್ನಾಗಿ ಕಲಿತು, ಸಿಕ್ಕಿಬಿದ್ದರೆ ಶಿಕ್ಷೆಯೆಂಬುದನ್ನು ಬಲ್ಲವನಾಗಿಯೂ, ಪುಸ್ತಕಗಳನ್ನೂ ಮಾಹಿತಿಯನ್ನೂ ತಂದುಕೊಟ್ಟ. ಅವನ ಹೆಸರು ಇಮಾಮುರಾ ಗೆನ್‌ಎಮೊನ್ ಎಂದು ಈಚಿನ ವಿದ್ವಾಂಸರು ಗುರುತಿಸಿದ್ದಾರೆ. ಸ್ವಾರಸ್ಯವೆಂದರೆ, ಜಪಾನು ಹೊರಗಿನವರಿಗೆ ಬಾಗಿಲು ಮುಚ್ಚಿಕೊಂಡಿರುವುದು ಆ ದೇಶದ ಹಿತಕ್ಕೆ ಸರಿಯೇ ಎಂದು ವಾದಿಸುವ ಪ್ರಬಂಧವೊಂದನ್ನು ಕೆಂಪ್ಫರ್ ಬರೆದ! 1801ರಲ್ಲಿ ಶಿಜುಕಿ ತದಾಒ ಎಂಬ ನಾಗಸಾಕಿಯ ವಿದ್ವಾಂಸ ಅದನ್ನು ಅನುವಾದಿಸುವಾಗ, ದೇಶವನ್ನು ಸರಪಳಿಯಿಂದ ಬಿಗಿಯುವುದು ಎಂಬ ಅರ್ಥದಲ್ಲಿ 'ಸಕೊಕು' ಎಂಬ ಶಬ್ದವನ್ನು ಟಂಕಿಸಿದ. ಜಪಾನಿನ ಇತಿಹಾಸದ ಪುಸ್ತಕಗಳಲ್ಲಿ ಮುಚ್ಚಿದ ಬಾಗಿಲಿಗೆ ನಿಂತುಹೋದ ಹೆಸರು ಹುಟ್ಟಿದ್ದು ಹೀಗೆ, ಬಾಗಿಲ ಹೊರಗೆ ಕುಣಿದವನ ಬರಹದಿಂದ.

1859ರಲ್ಲಿ ಯೋಕೊಹಾಮಾ ಮೊದಲಾದ ಬಂದರುಗಳು ತೆರೆದವು. ಪರದೇಶೀಯರಿಗೆಂದು ಗೊತ್ತುಮಾಡಿದ ಬಡಾವಣೆಗಳಲ್ಲಿ ಅವರು ತಮ್ಮ ತಮ್ಮ ದೇಶದ ಕಾನೂನಿಗೆ ಮಾತ್ರ ಒಳಪಟ್ಟು ಬದುಕಿದರು. ಒಳನಾಡಿಗೆ ಹೋಗಲು ರಹದಾರಿ ಬೇಕಾಗಿತ್ತು. ಈ ವ್ಯವಸ್ಥೆ ಮುಗಿದದ್ದು 1899ರಲ್ಲಿ. ಅಂಥ ರಹದಾರಿ ಹಿಡಿದು 1878ರಲ್ಲಿ ಉತ್ತರದ ಹಳ್ಳಿಗಾಡನ್ನು ಹೊಕ್ಕವಳು ಇಸಬೆಲ್ಲಾ ಬರ್ಡ್. ವಯಸ್ಸು ನಲವತ್ತಾರು, ಬೆನ್ನುಮೂಳೆಯ ಬೇನೆ, ಜೊತೆಗೆ ಇತೊ ಎಂಬ ತರುಣ ದುಭಾಷಿ ಒಬ್ಬನೇ. ಕುದುರೆಯ ಮೇಲೂ ಕೈಗಾಡಿಯಲ್ಲೂ ಹೊಕ್ಕೈಡೊದ ಐನು ಜನರ ಹಳ್ಳಿಗಳವರೆಗೆ ಹೋದಳು.

ಆಕೆಯ ದೂರುಗಳು ಬಹಳ. ಚಿಗಟಗಳ ಕಾಟ, ಲದ್ದಿಯ ವಾಸನೆ, ಮೊಂಡು ಕುದುರೆಗಳು, ಮೂಲಂಗಿಯ ಉಪ್ಪಿನಕಾಯಿಯ ಸಹಿಸಲಾಗದ ನಾತ. ಎಲ್ಲಕ್ಕಿಂತ ಮಿಗಿಲಾದ ಕಷ್ಟ ಏಕಾಂತವಿಲ್ಲದಿರುವುದು. ಛತ್ರದ ಕೋಣೆಗಳಿಗೆ ಗೋಡೆಯೆಂದರೆ ಕಾಗದ ಹಚ್ಚಿದ ಜಾರುಬಾಗಿಲು. ಅದರಲ್ಲಿ ಬೆರಳಿನಿಂದ ತೂತು ಮಾಡಿ, ತೂತಿಗೊಂದರಂತೆ ಕಣ್ಣಿಟ್ಟು, ಹಳ್ಳಿಯೇ ಬಂದು ನೋಡುತ್ತಿತ್ತು. ಶೋಗುನನ ತೆರೆಯ ಮುಂದೆ ನಿಂತಿದ್ದ ಕೆಂಪ್ಫರನ ಪಾಡು ಈಕೆಗೆ ಮಲಗುವ ಕೋಣೆಯಲ್ಲಿಯೇ ಒದಗಿತೆನ್ನಬೇಕು. ಆದರೆ ಆಕೆಯೇ ಬರೆದಿದ್ದಾಳೆ: ಸಾವಿರದ ಇನ್ನೂರು ಮೈಲಿ ದೂರ ಒಂಟಿ ಹೆಂಗಸು ಹೋಗಿಬಂದರೂ ಯಾರೊಬ್ಬರೂ ಅಗೌರವದಿಂದ ನಡೆದುಕೊಳ್ಳಲಿಲ್ಲ, ಹೆಚ್ಚಿಗೆ ಹಣ ಕೀಳಲಿಲ್ಲ. ಒಂದು ಕತ್ತಲೆಯ ಸಂಜೆ ಸಾಮಾನಿನ ಪಟ್ಟಿಯೊಂದು ಕಾಣೆಯಾಯಿತು. ಕುದುರೆಯಾಳು ಬಂದ ದಾರಿಯಲ್ಲಿ ಒಂದು ಹರದಾರಿ ಹಿಂದಕ್ಕೆ ನಡೆದು, ಅದನ್ನು ಹುಡುಕಿ ತಂದ. ಇನಾಮು ಕೊಡಹೋದರೆ ಮುಟ್ಟಲಿಲ್ಲ. ಸಾಮಾನನ್ನೆಲ್ಲ ಒಪ್ಪವಾಗಿ ತಲುಪಿಸುವುದೇ ತನ್ನ ಹೊಣೆ ಎಂದ. ನನ್ನ ಚೀಲವನ್ನು ಕಪಾಟಿನಲ್ಲಿರಿಸಿದ ಬಸ್ಸಿನವನೂ ಇದೇ ವಂಶದವನು. ಇದನ್ನು ಪರದೇಶಿಯ ಮೇಲಿನ ಪ್ರೀತಿಯೆಂದು ತಿಳಿಯಬಾರದು. ಕೆಲಸದ ಕಡೆಗೆ, ತನ್ನವರ ಕಣ್ಣಿನಲ್ಲಿ ತನಗಿರುವ ಮಾನದ ಕಡೆಗೆ, ಆ ಮನುಷ್ಯನಿಗಿದ್ದ ನಿಷ್ಠೆ ಅದು. ತನ್ನವರ ಕಣ್ಣಿಗೆ ಅಂಜುವ ಆ ನಿಷ್ಠೆಯೇ, ಬಾಡಿಗೆಗೆ ಹೊಸಬನನ್ನಿಟ್ಟು ನೆರೆಹೊರೆಯ ಶಿಸ್ತನ್ನು ಕೆಡಿಸಲು ಅಂಜುವ ಮನೆಯ ಯಜಮಾನನಲ್ಲಿಯೂ ಇದೆ ಎಂದು ನನಗೆ ಹೊಳೆದದ್ದು ಬರ್ಡಳ ಪುಸ್ತಕವನ್ನು ಓದುವಾಗ.

ಜಗಲಿಯಲ್ಲಿ ತೃಪ್ತನಾಗದೆ ನಡುಮನೆಗೇ ಹೋದವನೆಂದರೆ ಲಫ್ಕಾಡಿಯೊ ಹರ್ನ್. ಗ್ರೀಕ್ ತಾಯಿ, ಐರಿಷ್ ತಂದೆ, ಇಬ್ಬರೂ ಕೈಬಿಟ್ಟ ಬಾಲ್ಯ, ಒಂದು ಕಣ್ಣಿಲ್ಲ, ಅಮೆರಿಕದಲ್ಲಿ ಪತ್ರಿಕಾವೃತ್ತಿ. 1890ರಲ್ಲಿ ನಲವತ್ತರ ಹೊಸ್ತಿಲಲ್ಲಿ ಯೋಕೊಹಾಮಾಕ್ಕೆ ಬಂದಿಳಿದ. ಮತ್ಸುಎ ಎಂಬ ಹಳೆಯ ಪಟ್ಟಣದಲ್ಲಿ ಶಾಲೆಯ ಉಪಾಧ್ಯಾಯನಾಗಿ, ಬಡತನಕ್ಕಿಳಿದಿದ್ದ ಸಮುರಾಯ್ ಮನೆತನದ ಕೊಇಜುಮಿ ಸೆತ್ಸು ಎಂಬಾಕೆಯನ್ನು ವರಿಸಿದ. ಅಲ್ಲಿ ಕಳೆದ ಸುಮಾರು ಹದಿನೈದು ತಿಂಗಳು ಅವನ ಪಾಲಿಗೆ ಸ್ವರ್ಗ. 1894ರ ಅವನ ಮೊದಲ ಜಪಾನ್ ಪುಸ್ತಕದ ತುಂಬ ಆ ಬೆಳಕೇ. ಆದರೆ 1891ರಲ್ಲಿ ಕುಮಾಮೊತೊಗೆ ಹೋದಮೇಲೆ, ಹೊಸ ಸೈನ್ಯ, ಹೊಸ ಕಟ್ಟಡ, ಮನಸ್ಸು ಬಿಚ್ಚದ ಸಹೋದ್ಯೋಗಿಗಳನ್ನು ಕಂಡು ಕಹಿಯಾದ. ಟೋಕಿಯೋದಲ್ಲಿದ್ದ ಗೆಳೆಯ, ಭಾಷಾಪಂಡಿತ ಬೇಸಿಲ್ ಹಾಲ್ ಚೇಂಬರ್ಲೇನನಿಗೆ ಬರೆದ ಕಾಗದಗಳಲ್ಲಿ ಅವನ ಮನಸ್ಸು ಒಂದು ವಾರ ಆರಾಧನೆ, ಮರುವಾರ ತಿರಸ್ಕಾರ ಎಂದು ತೂಗುಯ್ಯಾಲೆಯಾಡುತ್ತದೆ.

ಹೆಂಡತಿ ಮಕ್ಕಳಿಗೆ ಆಸ್ತಿಯ ಹಕ್ಕು ಉಳಿಯಬೇಕೆಂದು 1896ರಲ್ಲಿ ಅವನು ಮಾವನ ಮನೆಯ ದತ್ತಕನಾಗಿ, ಕೊಇಜುಮಿ ಯಾಕುಮೊ ಎಂಬ ಹೆಸರಿನಿಂದ ಜಪಾನಿನ ಪ್ರಜೆಯಾದ. ಅದೇ ವರ್ಷ ಟೋಕಿಯೋ ವಿಶ್ವವಿದ್ಯಾನಿಲಯದಲ್ಲಿ ಇಂಗ್ಲಿಷ್ ಸಾಹಿತ್ಯದ ಅಧ್ಯಾಪಕನಾದ. 1903ರಲ್ಲಿ ಆ ಕರಾರು ಮುಂದುವರಿಯಲಿಲ್ಲ. ವಿದ್ಯಾರ್ಥಿಗಳು ಪ್ರತಿಭಟಿಸಿದರು, ಫಲವಾಗಲಿಲ್ಲ. ಅವನ ಸ್ಥಾನಕ್ಕೆ ಬಂದವರಲ್ಲಿ ಒಬ್ಬ, ಮುಂದೆ ಜಪಾನಿನ ಮಹಾ ಕಾದಂಬರಿಕಾರನಾದ ನತ್ಸುಮೆ ಸೋಸೆಕಿ. ದೇಶವು ಪರದೇಶೀಯರ ಬದಲು ತನ್ನವರನ್ನೇ ನೇಮಿಸಿಕೊಳ್ಳುತ್ತಿದ್ದ ಕಾಲವದು. ನ್ಯಾಯವೇ ಸರಿ. ಆದರೆ ಕಾಗದದಲ್ಲಿ ತಾನೂ ತನ್ನವನೇ ಆಗಿದ್ದನಲ್ಲ ಎಂದು ಅವನು ಕೇಳಿದ್ದರೆ ಉತ್ತರ ಕೊಡುವುದು ಯಾರಿಗಾದರೂ ಸ್ವಲ್ಪ ಕಷ್ಟವಾಗುತ್ತಿತ್ತು. 1904ರ ಸೆಪ್ಟೆಂಬರಿನಲ್ಲಿ ಹರ್ನ್ ತೀರಿಕೊಂಡ. ಅವನ ಮರಣಾನಂತರ ಹೊರಬಂದ ಪುಸ್ತಕದಲ್ಲಿ, ಸಮುದಾಯದ ಭಾರ ಒಬ್ಬೊಬ್ಬ ಜಪಾನೀಯನ ಮೇಲೆಯೂ ಹೇಗೆ ಕುಳಿತಿದೆಯೆಂಬ ವಿಚಾರ ಪುಟಪುಟಕ್ಕೂ ಬರುತ್ತದೆ. ಮೊದಲ ಪುಸ್ತಕದಲ್ಲಿ ಅವನನ್ನು ಮೋಹಗೊಳಿಸಿದ್ದ ಸೌಜನ್ಯವು ಯಾವ ಬೆಲೆ ತೆತ್ತು ಬಂದದ್ದೆಂಬುದು ಅಲ್ಲಿ ಕಾಣುತ್ತದೆ. ಸೆತ್ಸು ಹೇಳಿದ, ಓದಿದ ಭೂತಪ್ರೇತಗಳ ಕಥೆಗಳನ್ನು, ಅವರಿಬ್ಬರಿಗೆ ಮಾತ್ರ ತಿಳಿಯುತ್ತಿದ್ದ ಮುರುಕು ಜಪಾನಿ ಮಾತಿನಲ್ಲಿ ಕೇಳಿ ಅವನು ಇಂಗ್ಲಿಷಿಗೆ ತಂದದ್ದನ್ನು ಇಂದಿಗೂ ಜಪಾನೀಯರು ತಮ್ಮ ಸ್ವತ್ತೆಂದೇ ಓದುತ್ತಾರೆ. ಹರ್ನನನ್ನು ಒಳಗೆ ಕರೆದುಕೊಂಡವಳು ಆಕೆಯೊಬ್ಬಳೇ ಎಂದು ನನ್ನ ಭಾವನೆ.

ನಮ್ಮವರೂ ಹೋದರು. ಎಂ. ವಿಶ್ವೇಶ್ವರಯ್ಯನವರು 1898ರಲ್ಲಿಯೇ ಜಪಾನನ್ನು ನೋಡಿ ಬಂದವರು. ಶಾಲೆ, ಕಾರ್ಖಾನೆ, ದುಡಿಮೆಯ ಶಿಸ್ತು ಅವರ ಕಣ್ಣನ್ನು ತುಂಬಿದವು. ಮುಂದೆ ಭಾರತದ ಪುನರ್ನಿರ್ಮಾಣವನ್ನು ಕುರಿತು ಬರೆದಾಗಲೂ ಅವರ ಮುಂದೆ ಜಪಾನಿನ ನಿದರ್ಶನವಿತ್ತು. ರವೀಂದ್ರನಾಥ ಠಾಕೂರರು 1916ರಲ್ಲಿ ಹೋದಾಗ ಮೊದಲು ಅದ್ಭುತ ಸ್ವಾಗತ ದೊರೆಯಿತು. ಆ ಜನರ ಮೌನ, ಮಿತ, ಒಂದು ಹೂವಿಗೆ ಕೊಡುವ ಗಮನ ಕವಿಯ ಮನಸ್ಸನ್ನು ಗೆದ್ದವು. ಆದರೆ ಅದೇ ಬೇಸಗೆಯ ಉಪನ್ಯಾಸಗಳಲ್ಲಿ ರಾಷ್ಟ್ರಾಭಿಮಾನದ ಅತಿರೇಕವನ್ನು ಕುರಿತು ಎಚ್ಚರಿಸಿದ ಕೂಡಲೇ ಉತ್ಸಾಹ ಇಳಿಯಿತು. ಸೋತ ನಾಡಿನ ಕವಿಯ ಮಾತೆಂದು ಕೆಲವರು ಮೂಗುಮುರಿದರು. ಚೀನದ ಮೇಲಿನ ಯುದ್ಧವನ್ನು ಸಮರ್ಥಿಸಿದ ಹಳೆಯ ಗೆಳೆಯ ಯೋನೆ ನೊಗುಚಿಗೆ 1938ರಲ್ಲಿ ಠಾಕೂರರು ಬರೆದ ಕಾಗದಗಳಲ್ಲಿ ಆ ಪ್ರೀತಿಯೂ ಇದೆ, ಆ ಪ್ರೀತಿ ಕಂಡ ನೋವೂ ಇದೆ. ಹೊಗಳಿಕೆಯನ್ನು ಜಗಲಿಯಲ್ಲಿ ಕುಳಿತು ಹೇಳಬಹುದು. ಬುದ್ಧಿವಾದವನ್ನು ಹೇಳಲು ಮನೆಯವನಾಗಿರಬೇಕು. ಇದು ಜಪಾನಿಗೆ ಮಾತ್ರ ಸಲ್ಲುವ ಮಾತಲ್ಲ.

ಇಲ್ಲಿಯವರೆಗೆ ಹೇಳಿದವರೆಲ್ಲ ಪುಸ್ತಕ ಬರೆದವರು. ಬೇಸರವಾದರೆ ಹಡಗು ಹತ್ತಬಲ್ಲವರು. ಜಪಾನು 1910ರಲ್ಲಿ ನುಂಗಿದ ಕೊರಿಯಾದಿಂದ ದುಡಿಮೆಗಾಗಿ ಬಂದವರ, ತರಲ್ಪಟ್ಟವರ ಕಥೆ ಬೇರೆ. 1923ರ ಸೆಪ್ಟೆಂಬರ್ 1ರ ಭೂಕಂಪದಲ್ಲಿ ಟೋಕಿಯೋ ಉರಿಯುತ್ತಿದ್ದಾಗ ಕೊರಿಯದವರು ಬಾವಿಗೆ ವಿಷ ಬೆರೆಸುತ್ತಿದ್ದಾರೆಂಬ ಗಾಳಿಸುದ್ದಿ ಹಬ್ಬಿತು. ಕಾವಲಿನ ಗುಂಪುಗಳು ಬೀದಿಯಲ್ಲಿ ಜನರನ್ನು ತಡೆದು 'ಹದಿನೈದು ಯೆನ್ ಐವತ್ತು ಸೆನ್' ಎಂದು ಜಪಾನಿಯಲ್ಲಿ ಹೇಳಿಸಿದವು. ಉಚ್ಚಾರಣೆ ತಪ್ಪಿದವರನ್ನು ಕೊಂದವು. ವಿನಯದ ನಾಡಿನಲ್ಲಿ ಇದು ಹೇಗೆ ನಡೆಯಿತೆಂದು ಕೇಳುವವರು, ವಿನಯದ ಗಡಿ ಎಲ್ಲಿ ಮುಗಿಯುತ್ತಿತ್ತೆಂಬುದನ್ನು ಮೊದಲು ನೋಡಬೇಕು.

ಯುದ್ಧ ಮುಗಿದ ಮೇಲೆ ಸುಮಾರು ಆರು ಲಕ್ಷ ಕೊರಿಯನ್ನರು ಜಪಾನಿನಲ್ಲಿಯೇ ಉಳಿದರು. 1952ರ ಏಪ್ರಿಲ್ 28ರಂದು ಶಾಂತಿ ಒಪ್ಪಂದ ಜಾರಿಗೆ ಬಂದ ದಿನ ಅವರೆಲ್ಲರೂ ಜಪಾನಿನ ಪ್ರಜೆಗಳಲ್ಲವೆಂದಾಯಿತು. ಅಲ್ಲಿಯೇ ಹುಟ್ಟಿ, ಆ ಭಾಷೆಯನ್ನೇ ಆಡುವ ಮಕ್ಕಳೂ ಹೊರಗಿನವರಾದರು. ವಯಸ್ಸಿಗೆ ಬಂದಾಗ ಕಳ್ಳರಂತೆ ಬೆರಳಚ್ಚು ಕೊಡಬೇಕಾಯಿತು. ಜಪಾನಿ ಹೆಸರಿನಿಂದ ಅರ್ಜಿ ಹಾಕಿ ಕೆಲಸ ಪಡೆದ ತರುಣನೊಬ್ಬನನ್ನು, ಕೊರಿಯದವನೆಂದು ತಿಳಿದ ಕೂಡಲೇ, ದೊಡ್ಡ ಕಂಪೆನಿಯೊಂದು ಬೇಡವೆಂದಿತು. 1974ರಲ್ಲಿ ಯೋಕೊಹಾಮಾದ ನ್ಯಾಯಾಲಯ ಅವನ ಪರವಾಗಿ ತೀರ್ಪಿತ್ತಿತು. 1980ರ ದಶಕದಲ್ಲಿ ಸಾವಿರಾರು ಜನ ಬೆರಳು ಒತ್ತಲು ನಿರಾಕರಿಸಿದರು. ಅವರ ಪಕ್ಕದಲ್ಲಿ ನಿಂತ ಜಪಾನೀಯರೂ ಇದ್ದರು ಎಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ಶಾಶ್ವತ ನಿವಾಸಿಗಳಿಗೆ ಈ ನಿಯಮ 1993ರಲ್ಲಿ ರದ್ದಾಯಿತು, ಉಳಿದ ನಿವಾಸಿಗಳಿಗೆ 2000ದಲ್ಲಿ.

ಈಗ ಆ ದೇಶಕ್ಕೆ ಹೊರಗಿನವರು ಬೇಕಾಗಿದ್ದಾರೆ. ಹುಟ್ಟುವ ಮಕ್ಕಳು ಕಡಿಮೆ, ಮುದುಕರು ಹೆಚ್ಚು. 2024ರ ಕೊನೆಗೆ ಅಲ್ಲಿದ್ದ ಪರದೇಶೀಯ ನಿವಾಸಿಗಳ ಸಂಖ್ಯೆ ಮೂವತ್ತೇಳು ಲಕ್ಷವನ್ನು ದಾಟಿತ್ತು. ಅಲ್ಲಿನ ನ್ಯಾಯ ಸಚಿವಾಲಯ 2017ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ, ಅದರ ಹಿಂದಿನ ಐದು ವರ್ಷಗಳಲ್ಲಿ ಮನೆ ಹುಡುಕಿದ್ದ ಪರದೇಶೀಯರಲ್ಲಿ ನೂರಕ್ಕೆ ಸುಮಾರು 39 ಜನರಿಗೆ, ಹೊರಗಿನವರೆಂಬ ಕಾರಣಕ್ಕೆ, ಮನೆ ಸಿಕ್ಕಿರಲಿಲ್ಲ. ಸರ್ಕಾರವೇ ಕೇಳಿ, ಸರ್ಕಾರವೇ ಅಚ್ಚು ಹಾಕಿಸಿದ ಸಂಖ್ಯೆ ಇದು. ತನ್ನ ತಪ್ಪನ್ನು ಇಷ್ಟು ಅಚ್ಚುಕಟ್ಟಾಗಿ ಎಣಿಸುವುದೂ ಜಪಾನಿನ ಗುಣವೇ.

ನನಗೆ ಕೊನೆಗೆ ಕೋಣೆ ಸಿಕ್ಕಿತು. ಊರಿನ ಉತ್ತರದ ಅಂಚಿನಲ್ಲಿ ಒಬ್ಬ ವೃದ್ಧೆ ತನ್ನ ಮನೆಯ ಹಿಂದಿನ ಕೋಣೆಯನ್ನು ಕೊಟ್ಟಳು. ಕಸವನ್ನು ಯಾವ ದಿನ ಯಾವ ಚೀಲದಲ್ಲಿ ಇಡಬೇಕೆಂದು ಚಿತ್ರ ಬರೆದು ಬಾಗಿಲಿಗೆ ಅಂಟಿಸಿದಳು. ನಾನು ಒಮ್ಮೆ ತಪ್ಪು ದಿನ ಇಟ್ಟಾಗ ಏನೂ ಹೇಳದೆ, ಚೀಲವನ್ನು ತಂದು ನನ್ನ ಬಾಗಿಲ ಬಳಿ ನೆಟ್ಟಗೆ ನಿಲ್ಲಿಸಿ ಹೋದಳು. ಶರತ್ಕಾಲದಲ್ಲಿ ಹಿತ್ತಿಲ ಮರದ ಕಾಕಿ ಹಣ್ಣುಗಳನ್ನು ಬುಟ್ಟಿಯಲ್ಲಿಟ್ಟು ಕಳಿಸಿದಳು. ಜಗಲಿಯ ಮೇಲೆ ಎಷ್ಟೋ ಸಂಜೆ ನಾವಿಬ್ಬರೂ, ಆಕೆಗೆ ಬಾರದ ಇಂಗ್ಲಿಷಿನಲ್ಲೂ ನನಗೆ ಬಾರದ ಜಪಾನಿಯಲ್ಲೂ, ಮಾತನಾಡುತ್ತ ಕುಳಿತದ್ದುಂಟು. ನಾನು ಹೊರಟ ದಿನ ಆಕೆ ಬೀದಿಯವರೆಗೆ ಬಂದು, ನನ್ನ ಬಾಡಿಗೆಯ ಕಾರು ತಿರುವಿನಲ್ಲಿ ಮರೆಯಾಗುವವರೆಗೆ ಬಾಗಿಯೇ ನಿಂತಿದ್ದಳು. ಆರು ತಿಂಗಳಲ್ಲಿ ಆಕೆಯ ಮನೆಯ ಒಳಕ್ಕೆ ನಾನು ಒಮ್ಮೆಯೂ ಹೋಗಿರಲಿಲ್ಲ ಎಂಬುದು ವಿಮಾನ ನಿಲ್ದಾಣದ ದಾರಿಯಲ್ಲಿ ನೆನಪಿಗೆ ಬಂತು. ಹಾಗೆಯೇ, ಆಕೆಯನ್ನು ಒಂದು ದಿನವಾದರೂ ನನ್ನ ಕೋಣೆಗೆ ಊಟಕ್ಕೆ ಕರೆಯುವುದು ನನಗೂ ತೋಚಿರಲಿಲ್ಲ.